ಪಾಕವಿಲ್ಲದೆ ಕಟ್ಟುವ ಬುತ್ತಿ

ಬುತ್ತಿ ಎಂಬ ಮಾತು ನಮ್ಮ ನುಡಿಯಲ್ಲಿ ಬಹು ಹಳೆಯದು. ಹೊಲಕ್ಕೆ ಹೋಗುವವನಿಗಾಗಲಿ, ಸಂತೆಗೆ ನಡೆಯುವವಳಿಗಾಗಲಿ, ಯಾತ್ರೆಗೆ ಹೊರಟವರಿಗಾಗಲಿ ಬುತ್ತಿ ಕಟ್ಟಿಕೊಡದೆ ಹಿರಿಯರು ಹೊಸ್ತಿಲನ್ನು ದಾಟಗೊಡುತ್ತಿರಲಿಲ್ಲ. ಅನ್ನವು ದೂರದ ದಾರಿಗೆ ಹಳಸುವುದು. ಆದುದರಿಂದ ಹುರಿದ ಧಾನ್ಯವೇ ದಾರಿಯ ಆಹಾರವೆಂದು ಎಲ್ಲ ನಾಡುಗಳ ಜನರೂ ಅರಿತುಕೊಂಡಿದ್ದರು. ಸುದಾಮನು ಗೆಳೆಯನ ಮನೆಗೆ ಸೆರಗಿನಲ್ಲಿ ಕಟ್ಟಿಕೊಂಡು ಹೋದದ್ದು ಅವಲಕ್ಕಿ. ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯುತ್ತಿದ್ದ ರೂತಳಿಗೆ ಬೋವಜನು ಕೊಟ್ಟದ್ದು ಹುರಿದ ಧಾನ್ಯ. ದಾವೀದನು ಯುದ್ಧದಲ್ಲಿದ್ದ ಅಣ್ಣಂದಿರಿಗೆ ಹೊತ್ತು ಒಯ್ದದ್ದೂ ಅದೇ.

ಈಗ ನಮ್ಮ ಮನೆಗಳಿಂದ ದಿನವೂ ಯಾತ್ರೆ ಹೊರಡುವವಳು ಶಾಲೆಯ ಹುಡುಗಿ. ಬೆಳಿಗ್ಗೆ ಏಳು ಗಂಟೆಯ ಬಸ್ಸನ್ನು ಹಿಡಿಯಬೇಕು. ಪಾಠ, ವಿಶೇಷ ತರಗತಿ, ಆಟ ಎಲ್ಲ ಮುಗಿದು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಜಡೆ ಹೆಣೆಯುವುದಕ್ಕೆ ವೇಳೆ ಸಿಕ್ಕುವುದು, ತಿಂಡಿಗೆ ಸಿಕ್ಕುವುದಿಲ್ಲ. ಅರ್ಧ ಲೋಟ ಕಾಫಿ ಕುಡಿದು ಓಡಿಬಂದವಳು ಹನ್ನೊಂದು ಗಂಟೆಯ ಗಣಿತದ ಪಾಠದಲ್ಲಿ ತಲೆ ಹಿಡಿದುಕೊಂಡು ಕುಳಿತರೆ ಅದು ಸೋಮಾರಿತನವೆಂದು ನಾವು ಎಣಿಸಕೂಡದು. 2019ರಿಂದ 2021ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಇದಕ್ಕೆ ಕಾರಣಗಳು ಹಲವು, ಊಟದ ಕೊರತೆ ಅವುಗಳಲ್ಲಿ ಒಂದು. ಮನೆಯ ಹೆಂಗಸರು ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ವಾಡಿಕೆಯನ್ನು ಮಗಳು ಬಲು ಬೇಗ ಕಲಿಯುತ್ತಾಳೆ. ತನಗಾಗಿ ಒಂದಿಷ್ಟು ತೆಗೆದಿಡುವುದನ್ನು ಯಾರೂ ಆಕೆಗೆ ಕಲಿಸುವುದಿಲ್ಲ. ಈ ಪಾಠವನ್ನು ನಾವು ಬರೆಯುತ್ತಿರುವುದು ಅದಕ್ಕಾಗಿಯೇ.

ಅಂಗಡಿಯಲ್ಲಿ ಶಕ್ತಿಯ ತಿನಿಸು ಎಂದು ಹೊಳೆಯುವ ಕಾಗದದಲ್ಲಿ ಸುತ್ತಿದ ಪಟ್ಟಿಗಳು ದೊರೆಯುತ್ತವಲ್ಲ ಎಂದು ಕೆಲವರು ಕೇಳಬಹುದು. ದೊರೆಯುತ್ತವೆ, ಕೆಲವು ಒಳ್ಳೆಯವೂ ಇವೆ. ಕೊಳ್ಳುವ ಮುಂಚೆ ಪೊಟ್ಟಣದ ಹಿಂಬದಿಯನ್ನು ಓದಿರಿ. ಅದರೊಳಗಿನ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚುಹಾಕಬೇಕೆಂಬುದು ನಿಯಮ. ಸಕ್ಕರೆ ಅಥವಾ ಗ್ಲೂಕೋಸಿನ ಪಾಕ ಮೊದಲ ಸಾಲಿನಲ್ಲಿಯೇ ನಿಂತಿದ್ದರೆ ನೀವು ಕೊಳ್ಳುತ್ತಿರುವುದು ಮಿಠಾಯಿ. ಕಡಲೆಕಾಯಿ, ಖರ್ಜೂರ, ಎಳ್ಳು ಮೊದಲಾದವು ಮುಂದೆ ಇದ್ದರೆ ಅದು ನಮ್ಮ ಅಜ್ಜಿಯರ ಉಂಡೆಯೇ ಚೌಕವಾಗಿ ಬಂದಿದೆಯೆಂದು ತಿಳಿಯಿರಿ.

ಆ ಉಂಡೆಯನ್ನು ಮನೆಯಲ್ಲಿ ಕಟ್ಟಲು ಈಗಿನ ಹುಡುಗಿಯರು ಹಿಂಜರಿಯುವುದು ಪಾಕದ ಭಯದಿಂದ. ಎಳೆಪಾಕವೆಂದರೇನು, ಗಟ್ಟಿಪಾಕವೆಂದರೇನು, ನೀರಿನಲ್ಲಿ ಬಿಟ್ಟ ಹನಿ ಉಂಡೆಯಾಗುವ ಗಳಿಗೆ ಯಾವುದು ಎಂಬುದು ವರುಷಗಳ ಅಭ್ಯಾಸದಿಂದ ಕೈಗೆ ಹತ್ತುವ ವಿದ್ಯೆ. ಒಂದು ನಿಮಿಷ ತಡವಾದರೆ ಉಂಡೆ ಕಲ್ಲಾಗುವುದು. ಕುದಿಯುವ ಬೆಲ್ಲ ಕೈಮೇಲೆ ಬಿದ್ದರೆ ಬೊಕ್ಕೆ ಏಳುವುದು. ಆದರೆ ಪಾಕವನ್ನೇ ಬೇಡದ ಬುತ್ತಿಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಹನ್ನೆರಡು ವರುಷದ ಹುಡುಗಿಯು ಯಾರ ಸಹಾಯವೂ ಇಲ್ಲದೆ ಅರ್ಧ ಗಂಟೆಯಲ್ಲಿ ಅವುಗಳನ್ನು ಮಾಡಿ ಡಬ್ಬಿ ತುಂಬಿಸಬಲ್ಲಳು. ಆಕೆಯ ತಮ್ಮನೂ ಮಾಡಬಲ್ಲನು, ಅವನನ್ನು ಅಡಿಗೆಮನೆಯಿಂದ ಓಡಿಸದಿದ್ದರೆ.

ಬೆಂಕಿ ಇಲ್ಲದೆ ಮಾಡುವುದೆಂದರೆ ಹಸಿಯ ಹಿಟ್ಟನ್ನು ತಿನ್ನುವುದಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಹಸಿಯ ಅಕ್ಕಿಹಿಟ್ಟು, ಗೋಧಿಹಿಟ್ಟು, ಕಡಲೆಹಿಟ್ಟುಗಳು ಸುಲಭವಾಗಿ ಜೀರ್ಣವಾಗುವುದಿಲ್ಲ. ಅವುಗಳಲ್ಲಿ ರೋಗಾಣುಗಳು ಉಳಿದಿರುವುದೂ ಉಂಟು. ನಾವು ಉಪಯೋಗಿಸತಕ್ಕದ್ದು ಈ ಮೊದಲೇ ಬೆಂಕಿಯನ್ನು ಕಂಡ ಧಾನ್ಯ. ಅವಲಕ್ಕಿಯನ್ನು ನೋಡಿರಿ: ಭತ್ತವನ್ನು ನೆನೆಯಿಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟಿ ಚಪ್ಪಟೆ ಮಾಡಿರುತ್ತಾರೆ. ಉತ್ತರದ ಸೀಮೆಯವರು ಪುಟಾಣಿ ಎನ್ನುವ ಹುರಿಗಡಲೆಯು ಸುಡುಮರಳಿನಲ್ಲಿ ಹುರಿದು ಸಿಪ್ಪೆ ಕಳಚಿದ ಕಡಲೆ. ದಾವಣಗೆರೆಯ ಭಟ್ಟಿಗಳಿಂದ ಬರುವ ಮಂಡಕ್ಕಿಯೂ, ಜೋಳದ ಅರಳೂ, ರಾಗಿಯ ಹುರಿಹಿಟ್ಟೂ ಹೀಗೆಯೇ. ಒಲೆಯ ಕೆಲಸವನ್ನು ಭಟ್ಟಿಯವರು ನಮಗಾಗಿ ಮಾಡಿ ಮುಗಿಸಿದ್ದಾರೆ. ಕಡಲೆಕಾಯಿ, ಎಳ್ಳು ಇವೆರಡನ್ನು ಮಾತ್ರ ಭಾನುವಾರ ತಾಯಿಯು ಒಲೆಯ ಬಳಿ ಇರುವಾಗ ಒಂದು ವಾರಕ್ಕಾಗುವಷ್ಟು ಒಣ ಬಾಣಲೆಯಲ್ಲಿ ಹುರಿದು, ಪೂರ್ತಿ ಆರಿಸಿ, ತೆಗೆದಿಟ್ಟುಕೊಂಡರೆ ಸಾಕು.

ಎರಡನೆಯದಾಗಿ, ಪಾಕವಿಲ್ಲದಿದ್ದರೆ ಉಂಡೆ ನಿಲ್ಲುವುದು ಹೇಗೆ? ಕಡಲೆಕಾಯಿಯಲ್ಲಿಯೂ ಎಳ್ಳಿನಲ್ಲಿಯೂ ತೂಕದ ಅರ್ಧದಷ್ಟು ಎಣ್ಣೆಯೇ ಇರುವುದು. ಕುಟ್ಟಿದಾಗ ಆ ಎಣ್ಣೆಯು ಹೊರಬಂದು, ಬೆಲ್ಲದ ಅಂಟಿನೊಡನೆ ಸೇರಿ, ಪುಡಿಯನ್ನು ಹಿಡಿದು ನಿಲ್ಲಿಸುವುದು. ಹುರಿಗಡಲೆಯಲ್ಲಿ ಎಣ್ಣೆ ಕಡಮೆ. ಆದುದರಿಂದ ಅದಕ್ಕೆ ತುಪ್ಪ ಬೇಕು. ಖರ್ಜೂರವು ತಾನೇ ಅಂಟು. ಈ ಮೂರು ಸಂಗತಿಗಳನ್ನು ತಿಳಿದವಳಿಗೆ ಅಳತೆಯ ಪುಸ್ತಕವೇ ಬೇಡ. ನೀರನ್ನು ಮಾತ್ರ ಒಂದು ಹನಿಯಾದರೂ ಸೇರಿಸಕೂಡದು. ಅದರ ಕಾರಣವನ್ನು ಮುಂದೆ ಹೇಳುವೆವು.

ಶೇಂಗಾ ಉಂಡೆಯಿಂದ ಆರಂಭಿಸುವುದು ಉತ್ತಮ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ನಾಗರಪಂಚಮಿಗೆ ಇದಿಲ್ಲದ ಮನೆ ಅಪರೂಪ. ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ 150 ಗ್ರಾಂ, ಅಂದರೆ ಸಾಧಾರಣ ಲೋಟಕ್ಕೆ ಒಂದು ಲೋಟ, ಹೆರೆದ ಬೆಲ್ಲ 100 ಗ್ರಾಂ, ಏಲಕ್ಕಿ ಎರಡು. ಬೀಜವನ್ನು ಒರಳಿನಲ್ಲಿ ತರಿತರಿಯಾಗಿ ಕುಟ್ಟಿ, ಬೆಲ್ಲವನ್ನು ಸೇರಿಸಿ, ಎರಡೂ ಒಂದಾಗುವ ವರೆಗೆ ಪುನಃ ಕುಟ್ಟತಕ್ಕದ್ದು. ಮಿಕ್ಸಿಯಿದ್ದರೆ ಒಂದೇ ಸಮನೆ ತಿರುಗಿಸದೆ ಬಿಟ್ಟುಬಿಟ್ಟು ತಿರುಗಿಸಬೇಕು. ಇಲ್ಲವಾದರೆ ಎಣ್ಣೆ ಬೇರೆಯಾಗಿ ಜಿಡ್ಡಿನ ಮುದ್ದೆಯಾಗುವುದು. ಅಂಗೈಯಲ್ಲಿ ಹಿಡಿದು ಅದುಮಿದಾಗ ಬೆರಳ ಗುರುತು ನಿಂತರೆ ಹದ ಬಂದಂತೆ. ಇದರಲ್ಲಿ 25 ಗ್ರಾಂ ತೂಕದ ಹತ್ತು ಉಂಡೆಗಳಾಗುವುವು. ಒಂದು ಉಂಡೆಯಿಂದ ಸುಮಾರು 120 ಕ್ಯಾಲರಿಯಷ್ಟು ಶಕ್ತಿಯೂ ಮೂರೂವರೆ ಗ್ರಾಮಿನಷ್ಟು ಸಸಾರಜನಕವೂ ದೊರೆಯುವುದು. ಬಿಡುವಿನ ವೇಳೆಯಲ್ಲಿ ಎರಡು ಉಂಡೆ ತಿಂದು ನೀರು ಕುಡಿದವಳು ಮಧ್ಯಾಹ್ನದ ಊಟದ ವರೆಗೆ ನೆಮ್ಮದಿಯಾಗಿರುವಳು. ಬರಿಯ ಸಕ್ಕರೆಯ ಶಕ್ತಿ ಬೇಗನೆ ಬಂದು ಬೇಗನೆ ಇಳಿಯುವುದು. ಎಣ್ಣೆಯೂ ಸಸಾರಜನಕವೂ ಜೊತೆಯಾದರೆ ಜೀರ್ಣವು ನಿಧಾನವಾಗುವುದರಿಂದ ಹಸಿವೆ ತಡೆದು ಬರುವುದು.

ಇಲ್ಲಿ ಬೆಲ್ಲದ ಮಾತು ಸ್ವಲ್ಪ ಹೇಳಬೇಕು. ಪಾಕ ಮಾಡುವವರು ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಸೋಸುವರು; ಕಲ್ಲು, ಕಸ ಬಟ್ಟೆಯಲ್ಲಿ ಉಳಿಯುವುದು. ನಮಗೆ ಸೋಸುವ ದಾರಿ ಇಲ್ಲವಾದ್ದರಿಂದ ಕೊಳ್ಳುವಾಗಲೇ ಶುದ್ಧವಾದ ಬೆಲ್ಲವನ್ನು ಆರಿಸಬೇಕು. ಒಂದು ಚೂರನ್ನು ನೀರಿನಲ್ಲಿ ಕದಡಿ ಇಟ್ಟರೆ ತಳದಲ್ಲಿ ಏನು ಕೂರುವುದೆಂದು ತಿಳಿಯುವುದು. ಬಂಗಾರದಂತೆ ಹಳದಿಯಾಗಿ ಹೊಳೆಯುವುದೇ ಶ್ರೇಷ್ಠವೆಂಬ ನಂಬಿಕೆ ತಪ್ಪು. ಆ ಬಣ್ಣಕ್ಕಾಗಿ ರಾಸಾಯನಿಕ ಪುಡಿಯನ್ನು ಹಾಕುವವರು ಉಂಟು. ಕಂದುಬಣ್ಣದ ಬೆಲ್ಲವೇ ಲೇಸು.

ಬೆಲ್ಲದಲ್ಲಿ ಕಬ್ಬಿಣದ ಅಂಶ ತುಂಬಿ ತುಳುಕುವುದೆಂದು ಹೇಳುವುದೂ ಅತಿಶಯ. ಒಂದು ಉಂಡೆಗೆ ಹಿಡಿಯುವ 10 ಗ್ರಾಂ ಬೆಲ್ಲದಲ್ಲಿ ಅದು ಅರ್ಧ ಮಿಲಿಗ್ರಾಮಿನ ಆಚೆ ಈಚೆ. 2020ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪಟ್ಟಿಯಂತೆ ಬೆಳೆಯುವ ಹುಡುಗಿಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮಿಲಿಗ್ರಾಂ. ಬೆಲ್ಲವೂ ಸಕ್ಕರೆಯ ಬಳಗದ್ದೇ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹಾಕಿಕೊಟ್ಟ ಮಿತಿಯಂತೆ 2000 ಕ್ಯಾಲರಿಯ ಊಟ ಮಾಡುವವಳು ದಿನವೊಂದಕ್ಕೆ ಎಲ್ಲ ಬಗೆಯ ಬೆರೆಸಿದ ಸಿಹಿಯನ್ನೂ ಕೂಡಿಸಿ 50 ಗ್ರಾಮಿನೊಳಗೆ ನಿಲ್ಲಬೇಕು. ಎರಡು ಉಂಡೆಗೆ 20 ಗ್ರಾಂ ಹೋಯಿತು. ಕಾಫಿಯ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾವು ಉಂಡೆಯನ್ನು ಹೊಗಳುವುದು ಅದರೊಳಗಿನ ಬೀಜಕ್ಕಾಗಿ.

ಬೀಜಗಳಲ್ಲಿ ನಮ್ಮ ಮೆಚ್ಚಿಕೆಯದು ಎಳ್ಳು. ಹಳೆಯ ಮೈಸೂರು ಸೀಮೆಯವರು ಎಳ್ಳಿನಿಂದ ಚಿಗಳಿಯನ್ನು ಮಾಡುವರು; ನಾಗರ ಹಬ್ಬದಲ್ಲಿ ತನಿ ಎರೆಯುವಾಗ ಚಿಗಳಿಯೂ ತಂಬಿಟ್ಟೂ ಜೋಡಿ. ಒಂದು ಲೋಟ ಎಳ್ಳು, ಮುಕ್ಕಾಲು ಲೋಟ ಹೆರೆದ ಬೆಲ್ಲ, ಕಾಲು ಲೋಟ ಒಣಕೊಬ್ಬರಿಯ ತುರಿ, ಏಲಕ್ಕಿ. ಎಳ್ಳನ್ನು ಚಟಪಟ ಸಿಡಿಯುವ ವರೆಗೆ ಮಾತ್ರ ಹುರಿಯಬೇಕು, ಹೆಚ್ಚಾದರೆ ಕಹಿ. ಹಸಿಯ ಎಳ್ಳಿನಲ್ಲಿ ಚಿಗಳಿ ಕಟ್ಟುವವರೂ ಇದ್ದಾರೆ. ದಾರಿಯ ಬುತ್ತಿಗೆ ಹುರಿದದ್ದೇ ಕ್ಷೇಮ. ಇದನ್ನು ಕುಟ್ಟುವುದು ಒಂದು ಸೊಗಸಾದ ಕೆಲಸ: ಮೊದಲು ಒಣಗಿದ ಪುಡಿ, ಸ್ವಲ್ಪ ಹೊತ್ತಿಗೆ ಒದ್ದೆ ಮಣ್ಣಿನಂತೆ, ಆಮೇಲೆ ಇದ್ದಕ್ಕಿದ್ದಂತೆ ಒನಕೆಗೆ ಅಂಟಿಕೊಂಡು ಮೇಲೇಳುವ ಹೊಳೆಯುವ ಮುದ್ದೆ. ಅಲ್ಲಿಗೆ ಕೈ ನಿಲ್ಲಿಸಿ ಉಂಡೆ ಕಟ್ಟಬೇಕು. ಎಳ್ಳಿನಲ್ಲಿ ಸುಣ್ಣದ ಅಂಶವೂ ಕಬ್ಬಿಣದ ಅಂಶವೂ ಬೆಲ್ಲಕ್ಕಿಂತ ಬಹಳ ಹೆಚ್ಚು. ಸಿಪ್ಪೆಯಲ್ಲಿರುವ ಆಕ್ಸಲೇಟು ಆ ಸುಣ್ಣವನ್ನು ಒಂದಿಷ್ಟು ಕಟ್ಟಿಹಾಕುವುದಾದರೂ ಉಳಿದದ್ದು ಅಲ್ಪವಲ್ಲ.

ಈ ಕಬ್ಬಿಣವು ದೇಹಕ್ಕೆ ಹತ್ತಬೇಕಾದರೆ ಹುಳಿಯ ಸಹಾಯ ಬೇಕು. ಚಿಗಳಿ ತಿಂದ ಮೇಲೆ ಒಂದು ನೆಲ್ಲಿಕಾಯಿಯನ್ನೋ ಅರ್ಧ ಸೀಬೆಹಣ್ಣನ್ನೋ ತಿಂದರೆ ಅದರಲ್ಲಿರುವ ಸಿ ಜೀವಸತ್ವವು ಆ ಕೆಲಸವನ್ನು ಮಾಡುವುದು. ಕಾಫಿ, ಚಹಾಗಳು ಇದಕ್ಕೆ ವಿರೋಧ. ಆದುದರಿಂದ ಅವುಗಳಿಗೂ ಬುತ್ತಿಗೂ ನಡುವೆ ಒಂದು ಗಂಟೆಯ ಅಂತರವಿರಲಿ. ಶಾಲೆಯ ಗೇಟಿನ ಹೊರಗೆ ಉಪ್ಪುಖಾರ ಹಚ್ಚಿದ ನೆಲ್ಲಿಕಾಯಿ ಮಾರುವ ಅಜ್ಜಿಯನ್ನು ನಾವು ಗದರಿಸಿ ಕಳುಹಿಸುವುದುಂಟಲ್ಲ. ಕೈ ಶುದ್ಧವಾಗಿದ್ದರೆ ಆಕೆಯು ಆರೋಗ್ಯ ಇಲಾಖೆಗೆ ಸಹಾಯಕಳೇ ಸರಿ.

ಹುರಿಗಡಲೆಯ ತಂಬಿಟ್ಟಿಗೆ ಬರುವೆವು. ಹುರಿಗಡಲೆ 100 ಗ್ರಾಮನ್ನು ನುಣ್ಣಗೆ ಪುಡಿಮಾಡಿ ಜರಡಿ ಹಿಡಿದು, ಒಣಕೊಬ್ಬರಿ ತುರಿ 25 ಗ್ರಾಂ, ಬೆಲ್ಲದ ಪುಡಿ 75 ಗ್ರಾಂ ಬೆರೆಸಿ, ಎರಡು ದೊಡ್ಡ ಚಮಚ ತುಪ್ಪವನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಕಲಸತಕ್ಕದ್ದು. ಹೆಪ್ಪುಗಟ್ಟಿದ ತುಪ್ಪವನ್ನು ಬಿಸಿಲಿನಲ್ಲಿ ಇಟ್ಟರೆ ತಾನೇ ಕರಗುವುದು. ತುಪ್ಪ ಸಾಲದಾಗಿ ಉಂಡೆ ಒಡೆದರೆ ಹಾಲು ಚಿಮುಕಿಸಿ ಕಟ್ಟುವುದು ಅಡಿಗೆಮನೆಯ ಒಂದು ಕಳ್ಳದಾರಿ. ಆ ಉಂಡೆಯನ್ನು ಅಂದೇ ತಿಂದು ಮುಗಿಸಬೇಕು, ಡಬ್ಬಿಗೆ ಹಾಕಲೇಕೂಡದು.

ಕಡಲೆಕಾಯಿಯನ್ನೂ ಹುರಿಗಡಲೆಯನ್ನೂ ಕೂಡಿಸಿ ಕಟ್ಟುವುದು ಇನ್ನೂ ಒಳ್ಳೆಯದು. 1950ರಲ್ಲಿ ಮೈಸೂರಿನ ಚೆಲುವಾಂಬಾ ಭವನದಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದ ವಿಜ್ಞಾನಿಗಳು, ಬಡಜನರ ಪುಷ್ಟಿಗಾಗಿ ವಿವಿಧೋದ್ದೇಶ ಆಹಾರವೆಂಬ ಪುಡಿಯೊಂದನ್ನು ರೂಪಿಸಿದಾಗ ಆರಿಸಿಕೊಂಡದ್ದು ಈ ಜೋಡಿಯನ್ನೇ: ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು, ಮೇಲೆ ಜೀವಸತ್ವಗಳೂ ಸುಣ್ಣದ ಅಂಶವೂ. ಅದೇ ಮೈಸೂರಿನಲ್ಲಿ 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವು ಹಿಮದ ಗಡಿಗಳಲ್ಲಿರುವ ಸೈನಿಕರಿಗೆ ಒಲೆಯಿಲ್ಲದೆ ತಿನ್ನಬಹುದಾದ ಬುತ್ತಿಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಹೆಸರಾಯಿತು. ಕಾಳಿನ ಸಸಾರಜನಕದಲ್ಲಿ ಕೊರತೆಯಾದ ಅಂಶವನ್ನು ಎಳ್ಳೂ ಧಾನ್ಯಗಳೂ ತುಂಬಿಕೊಡುವುವು. ಧಾನ್ಯದ ಕೊರತೆಯನ್ನು ಕಾಳು ತುಂಬುವುದು. ಅಜ್ಜಿಯರಿಗೆ ಈ ಶಾಸ್ತ್ರ ತಿಳಿದಿತ್ತೆಂದು ನಾವು ಹೇಳುವುದಿಲ್ಲ. ಅವರು ಎಲ್ಲವನ್ನೂ ಸ್ವಲ್ಪಸ್ವಲ್ಪ ಬೆರೆಸುತ್ತಿದ್ದರು, ಅಷ್ಟೆ.

ರಾಗಿಯ ಹುರಿಹಿಟ್ಟನ್ನು ಉಂಡೆ ಕಟ್ಟುವುದಕ್ಕಿಂತ ಒಣಪುಡಿಯಾಗಿ ಒಯ್ಯುವುದೇ ಸುಲಭ. ಒಂದು ಲೋಟ ಹುರಿಹಿಟ್ಟಿಗೆ ಅರ್ಧ ಲೋಟ ಬೆಲ್ಲದ ಪುಡಿ, ಕೊಬ್ಬರಿ, ಏಲಕ್ಕಿ ಬೆರೆಸಿ ಡಬ್ಬಿಯಲ್ಲಿ ತುಂಬಿ, ಬೇಕಾದಾಗ ಕಾಯಿಸಿ ಆರಿಸಿದ ಹಾಲಿನಲ್ಲಿಯಾಗಲಿ ಮೊಸರಿನಲ್ಲಿಯಾಗಲಿ ಕಲಸಿಕೊಳ್ಳಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಧಾನ್ಯಗಳಲ್ಲಿ ಅದಕ್ಕೆ ಸಮನಾದದ್ದು ನಮ್ಮ ಕಡೆ ಇಲ್ಲ. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ತಾಯಂದಿರು ಕಳುಹಿಸತಕ್ಕ ಗಂಟಿನಲ್ಲಿ ಇದಕ್ಕೆ ಮೊದಲ ಸ್ಥಳವಿರಲಿ.

ಸಿಹಿ ಒಲ್ಲದವರಿಗೆ ಹಚ್ಚಿದ ಅವಲಕ್ಕಿ ಇದೆ. ತೆಳು ಅವಲಕ್ಕಿಯನ್ನು ಒಂದು ಗಂಟೆ ಬಿಸಿಲಿಗೆ ಹರಡಿ ಗರಿಗರಿ ಮಾಡಿ, ಎರಡು ಲೋಟಕ್ಕೆ ಎರಡು ಚಮಚ ಶೇಂಗಾ ಎಣ್ಣೆ, ಉಪ್ಪು, ಚಟ್ನಿಪುಡಿ ಅಥವಾ ಮೆಂತ್ಯದ ಹಿಟ್ಟು, ಒಂದು ಹಿಡಿ ಪುಟಾಣಿ, ಒಂದು ಹಿಡಿ ಹುರಿದ ಶೇಂಗಾ ಹಾಕಿ ಕೈಯಿಂದ ಹಚ್ಚಬೇಕು. ಈರುಳ್ಳಿಯನ್ನೂ ನಿಂಬೆಯ ರಸವನ್ನೂ ತಿನ್ನುವಾಗಲೇ ಸೇರಿಸತಕ್ಕದ್ದು. ಬೆಲ್ಲವನ್ನು ಕಡಮೆ ಮಾಡಬೇಕಾದ ಮನೆಯವರು ಬೀಜ ತೆಗೆದ ಖರ್ಜೂರ 100 ಗ್ರಾಂ, ಕಡಲೆಕಾಯಿ 50 ಗ್ರಾಂ, ಹುರಿಗಡಲೆ 50 ಗ್ರಾಂ ಇವುಗಳನ್ನು ಒಟ್ಟಿಗೆ ಕುಟ್ಟಿ ಉಂಡೆ ಕಟ್ಟಲಿ. ಖರ್ಜೂರದಲ್ಲಿಯೂ ಸಕ್ಕರೆಯುಂಟು, ಆದರೆ ಅದರೊಡನೆ ನಾರೂ ಇದೆ.

ಆಟದ ಹುಡುಗಿಯರು ಒಂದನ್ನು ನೆನಪಿಡಬೇಕು. ಓಟಕ್ಕೆ ನಿಲ್ಲುವ ಮುನ್ನ ಎಣ್ಣೆಯ ಉಂಡೆ ತಕ್ಕದ್ದಲ್ಲ; ಅದು ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವುದು. ಒಂದು ಗಂಟೆ ಮುಂಚೆ ಬಾಳೆಹಣ್ಣೋ ಎರಡು ಖರ್ಜೂರವೋ ಸಾಕು. ಚಿಗಳಿಯು ಓಟ ಮುಗಿದ ಮೇಲೆ.

ನೀರಿನ ಮಾತಿಗೆ ಬರುವೆವು. ಉಂಡೆಯನ್ನು ಕೆಡಿಸುವ ಬೂಷ್ಟೂ ಕ್ರಿಮಿಗಳೂ ಬೆಳೆಯಬೇಕಾದರೆ ತೇವ ಬೇಕು. ಒಣಬೀಜ, ಒಣಹಿಟ್ಟು, ಬೆಲ್ಲ ಇವುಗಳ ಕೂಟದಲ್ಲಿ ಅವುಗಳಿಗೆ ಕುಡಿಯಲು ನೀರು ಸಿಕ್ಕುವುದಿಲ್ಲ; ಆದುದರಿಂದಲೇ ಇದು ದಾರಿಯ ಬುತ್ತಿ. ಹಸಿ ತೆಂಗಿನಕಾಯಿ, ಹಾಲು, ಒದ್ದೆ ಕೈ, ಒದ್ದೆ ಚಮಚ ಇವು ಒಳಗೆ ಹೋದರೆ ಬಾಗಿಲು ತೆರೆದುಕೊಟ್ಟಂತಾಯಿತು. ಕರಾವಳಿಯವರು ಅವಲಕ್ಕಿಗೆ ಬೆಲ್ಲ, ಎಳ್ಳು, ಹಸಿ ಕಾಯಿತುರಿ ಹಾಕಿ ಮಾಡುವ ಪಂಚಕಜ್ಜಾಯವು ಬಲು ರುಚಿ, ಆದರೆ ಬೆಳಗಿನದು ಮಧ್ಯಾಹ್ನದೊಳಗೆ ಮುಗಿಯಬೇಕು. ಮಳೆಗಾಲದಲ್ಲಿ ಬೆಲ್ಲವು ಗಾಳಿಯ ತೇವವನ್ನು ಹೀರಿ ಬೆವರುವುದು. ಆಗ ಬೆಲ್ಲವನ್ನು ಕೊಂಚ ಇಳಿಸಿ, ವಾರಕ್ಕಾಗುವಷ್ಟೇ ಮಾಡಿರಿ. ಬೇಸಿಗೆಯಲ್ಲಿ ಹದಿನೈದು ದಿನ ನಿಲ್ಲುವುದು. ಇದಕ್ಕೂ ಮೀರಿದರೆ ಎಣ್ಣೆಯು ಕಮಟುವುದು, ವಾಸನೆಯೇ ತಿಳಿಸಿಕೊಡುವುದು.

ಕಡಲೆಕಾಯಿಯನ್ನು ಆರಿಸುವ ಕೆಲಸವನ್ನು ಹಗುರವಾಗಿ ಎಣಿಸಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತುವು. ಕಾರಣವನ್ನು ಹುಡುಕಿದಾಗ ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನಿಂದ ಹುಟ್ಟಿದ ವಿಷವು ಸಿಕ್ಕಿತು. ಅದನ್ನು ಅಫ್ಲಟಾಕ್ಸಿನ್ ಎಂದು ಕರೆದರು. ಅದು ಯಕೃತ್ತಿಗೆ ಹಾನಿ ಮಾಡುವುದು. ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಆದುದರಿಂದ ಸುಕ್ಕಿದ, ಕಪ್ಪಾದ, ಹಸುರು ಬೂಷ್ಟು ಹಿಡಿದ ಬೀಜಗಳನ್ನು ಹುರಿಯುವ ಮೊದಲೇ ಹೆಕ್ಕಿ ಎಸೆಯಬೇಕು. ಕಹಿ ಬೀಜ ಬಾಯಿಗೆ ಬಂದರೆ ಉಗುಳಬೇಕು. ಅನ್ನವನ್ನು ಉಗುಳಬಾರದೆಂಬ ನೀತಿ ಇಲ್ಲಿ ಸಲ್ಲದು.

ಕೆಲವು ಮಕ್ಕಳಿಗೆ ಕಡಲೆಕಾಯಿಯೋ ಎಳ್ಳೋ ಒಗ್ಗುವುದಿಲ್ಲ. ಮೈ ದದ್ದೇಳುವುದು, ಉಸಿರು ಕಟ್ಟುವುದೂ ಉಂಟು. ಗೆಳತಿಯರಿಗೆ ಹಂಚುವ ಮೊದಲು ಕೇಳುವುದನ್ನು ಮಗಳಿಗೆ ಕಲಿಸಿರಿ. ಐದು ವರುಷದೊಳಗಿನ ತಮ್ಮತಂಗಿಯರಿಗೆ ಇಡೀ ಬೀಜವನ್ನು ಕೊಡಕೂಡದು, ಗಂಟಲಿಗೆ ಸಿಕ್ಕುವುದು. ಬೆಲ್ಲದ ಬದಲು ಜೇನುತುಪ್ಪ ಹಾಕಿದ ಉಂಡೆಯನ್ನು ವರುಷ ತುಂಬದ ಕೂಸಿನ ಬಾಯಿಗೆ ಮುಟ್ಟಿಸಲೂ ಬಾರದು.

ಡಬ್ಬಿಯು ಸ್ಟೀಲಿನದಾಗಿರಲಿ, ತೊಳೆದು ಬಿಸಿಲಿಗೆ ಒಣಗಿಸಿದ್ದಾಗಿರಲಿ. ಅದು ಎಟಕದ ಮೇಲಣ ಗೂಡಿಗೆ ಹೋಗದೆ ಬಾಗಿಲ ಬಳಿ, ಶಾಲೆಯ ಚೀಲವನ್ನು ಇಡುವ ಕಡೆಯಲ್ಲಿಯೇ ಇರಲಿ. ಹೊರಡುವ ಅವಸರದಲ್ಲಿ ಕೈಗೆ ಸಿಕ್ಕಿದ್ದು ಮಾತ್ರ ಚೀಲ ಸೇರುವುದು. ಪುಸ್ತಕಗಳ ಭಾರಕ್ಕೆ ಉಂಡೆ ಒಡೆದು ಪುಡಿಯಾದರೆ ಬಿಸಾಡಬೇಡಿರಿ. ಸಂಜೆ ಒಂದು ಲೋಟ ಬಿಸಿಹಾಲಿಗೆ ಆ ಪುಡಿಯನ್ನು ಹಾಕಿ ಕಲಕಿದರೆ ಮನೆಗೆ ಬಂದವಳಿಗೆ ಅದೇ ಒಂದು ತಿಂಡಿಯಾಗುವುದು.